ಅರ್ಜಿಯ ಜೊತೆ ಇಂಕ್ ಪ್ಯಾಡೂ ಹೋಯಿತು

ವಾಗ್ದೇವಿ ಬೀರು ತೆರೆದು ಒಳಗೆಲ್ಲ ತಡಕಿದಳು. ಅರ್ಜಿ ಇಲ್ಲ!

ಸಾಗರದ ವಾಚನಾಲಯ. ೧೯೬೭ರ ಒಂದು ಸಂತೆ ದಿನ, ಬೆಳಿಗ್ಗೆ ಎಂಟು ಗಂಟೆ. ಹನ್ನೊಂದರ ರೈಲಿಗೆ ರೈಲ್ವೆಯ ದೊಡ್ಡ ಅಧಿಕಾರಿ ಬರುವವರಿದ್ದರು. ನಷ್ಟದ ಲೆಕ್ಕ ತೋರಿಸಿ ಪ್ಯಾಸೆಂಜರ್ ಗಾಡಿ ನಿಲ್ಲಿಸುತ್ತಾರಂತೆ ಎಂದು ಊರೆಲ್ಲ ಗುಲ್ಲು. ಅದಕ್ಕೇ ಈ ಅರ್ಜಿ. ‘ವಿಮಾನದಲ್ಲಿ ಹಾರುವವರಿಗಾಗಿ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ. ನೆಲದ ಮೇಲೆ ಓಡಾಡುವ ನಾವೇನು ಪಾಪ ಮಾಡಿದ್ದೇವೆ?’ ಎಂದು ಶುರುವಾಗುವ ನಲವತ್ತು ಹಾಳೆ. ಊರಿಗೊಂದು ಹಾಳೆ, ಕೆಳಗೆ ಆ ಊರಿನವರ ಸಹಿ, ಹೆಬ್ಬೆಟ್ಟು. ಬರೆದವಳು ವಾಗ್ದೇವಿಯೇ.

ಅವಳು ಆನಂದಪುರದ ಶಾಲೆಯ ಟೀಚರು. ದಿನಾ ರೈಲಲ್ಲಿ ಹೋಗಿ ರೈಲಲ್ಲಿ ಬರುವವಳು. "ರೈಲಿದ್ರೆ ನೌಕರಿ. ಇಲ್ದಿದ್ರೆ ಮನೇಲಿರು" ಎಂದು ಮಗಳ ನೌಕರಿಯನ್ನು ಮನಸ್ಸಿನಿಂದ ಒಪ್ಪದ ಅಪ್ಪಯ್ಯ, ಹಳೇ ಶಾನುಭೋಗ ಮುಕುಂದಯ್ಯ, ಖಡಾಖಂಡಿತ ಹೇಳಿಬಿಟ್ಟಿದ್ದರು. ಗಾಡಿ ನಿಂತರೆ ಅವಳ ಪಾಠವೂ ನಿಂತಂತೆಯೇ.

ಅಳುತ್ತಾ ಕೂತರೆ ಕಳ್ಳ ಸಿಗುತ್ತಾನೆಯೇ? ವಾಗ್ದೇವಿ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. ಬೀಗ ಮುರಿದಿಲ್ಲ. ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಅದು ಅಲ್ಲಿರುವುದು ಪೇಪರ್ ಓದಲು ಬರುವವರಿಗೆಲ್ಲ ಗೊತ್ತು. ಇನ್ನೇನು ಹೋಗಿದೆ? ಬಿಳಿ ಹಾಳೆಯ ಕಟ್ಟು. ಮತ್ತೆ ಇಂಕ್ ಪ್ಯಾಡು.

ಹರಿದು ಒಲೆಗೆ ಹಾಕುವವನಿಗೆ ಇಂಕ್ ಪ್ಯಾಡ್ ಯಾಕಪ್ಪಾ?

* * *

ಯೋಚನೆ ಆಮೇಲೆ, ಮೊದಲು ಜಗಳ ಎಂದು ಅವಳು ಬಸ್ ಸ್ಟ್ಯಾಂಡಿಗೆ ನುಗ್ಗಿದಳು. ರೈಲು ನಿಂತರೆ ಲಾಭ ಯಾರಿಗೆ? ಬಸ್ ಮಾಲೀಕ ವಾಸಪ್ಪನಿಗೆ.

"ಅರ್ಜಿ ಎಲ್ಲಿ, ವಾಸಪ್ಪಣ್ಣ?"

"ನನ್ನ ಕೇಳ್ತೀಯಲ್ಲ ಮಾರಾಯ್ತಿ!" ವಾಸಪ್ಪ ಉರಿದುಬಿದ್ದ. "ವಿಮಾನಕ್ಕೆ ಕೊಡ್ತಾರೆ. ನಿಮ್ಮ ರೈಲಿಗೂ ಕೊಡ್ಬೇಕಂತೆ. ನನ್ನ ಬಸ್ಸಿಗೆ ಎಂತ ಕೊಡ್ತಾರೆ? ಮಣ್ಣು!"

"ಅದಕ್ಕೇ ಕದ್ರಾ?"

ವಾಸಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡ. ನಮ್ಮಮ್ಮಂಗೆ ಬಸ್ ಹತ್ತಿದ್ರೆ ವಾಂತಿ. ಮಗನ ಬಸ್ಸೇ ಆಗ್ಲಿ, ವಾಂತಿ! ಶಿವಮೊಗ್ಗಕ್ಕೆ ರೈಲಲ್ಲೇ ಹೋಗ್ತಾಳೆ. ನಾನೂ ಸಹಿ ಹಾಕೀನಿ, ಸಾಗರದ ಹಾಳೆಲಿ ನೋಡು."

ಅಷ್ಟರಲ್ಲೇ ಅವನು ಕೂಗಿದ. "ಏಯ್ ಬೆಳ್ಳಪ್ಪ! ಬಸ್ಸಿನ ಹೊಸಾ ಬಣ್ಣಕ್ಕೆ ಎಂತ ಒರೆಸ್ತೀಯೋ?"

ಮುದುಕ ಬೆಳ್ಳಪ್ಪ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡ. ಅವನ ಎಡಗೈ ಹೆಬ್ಬೆಟ್ಟು ನೇರಳೆ ಬಣ್ಣ. ಇನ್ನೂ ಹಸಿ.

"ಯಾರು ಒತ್ತಿಸ್ಕೊಂಡ್ರು, ಬೆಳ್ಳಪ್ಪ?"

"ಹೇಳ್ಬ್ಯಾಡ ಅಂದಾರಮ್ಮ."

"ಹೋಗ್ಲಿ. ನಿಂದು ಯಾವೂರು?"

"ಹೊಳೆಕೊಪ್ಪ."

"ಅದು ಶರಾವತಿ ಅಣೆಕಟ್ಟಿನ ನೀರಲ್ಲಿ ಮುಳುಗಿ ಮೂರು ವರ್ಷ ಆಯ್ತಲ್ಲ?"

"ಈಗ ಇರಾದು ಬ್ಯಾಕೋಡು ಹತ್ರ. ಮುಳುಗಿದ್ರೂ ನಮ್ಮೂರು ನಮ್ಮೂರೇ ಅಲ್ವಾ ಅಮ್ಮಾ?"

ವಾಗ್ದೇವಿ ಹಣೆ ಚಚ್ಚಿಕೊಂಡಳು. ಎಲ್ಲ ಹೊಳೆದುಬಿಟ್ಟಿತ್ತು. ಸಂತೆಯತ್ತ ಓಡಿದಳು.

* * *

ಹುಣಸೆ ಮರದಡಿ, ಮೆಣಸಿನಕಾಯಿ ಮೂಟೆಗಳ ಹಿಂದೆ, ಕೊಡೆಯ ಮರೆಯಲ್ಲಿ ಕಳ್ಳ ಕೂತಿದ್ದ. ಮುಂದೆ ಹೆಬ್ಬೆಟ್ಟೊತ್ತುವವರ ಸಾಲು.

"ಅಪ್ಪಯ್ಯಾ!"

ಮುಕುಂದಯ್ಯ ಕೊಡೆ ಇನ್ನಷ್ಟು ಬಗ್ಗಿಸಿದರು. ಆಮೇಲೆ ಅದರಿಂದ ಪ್ರಯೋಜನವಿಲ್ಲ ಎಂದು ಮಡಚಿಟ್ಟರು.

"ಹೆಂಗೆ ಗೊತ್ತಾಯ್ತೇ ನಿಂಗೆ?"

"ಹಾಳು ಮಾಡೋರು ಪ್ಯಾಡ್ ತಗೊಂಡು ಹೋಗಲ್ಲ. ಹೊಸದಾಗಿ ಒತ್ತಿಸ್ಕೊಳ್ಳೋರು ತಗೊಂಡು ಹೋಗ್ತಾರೆ. ಯಾರ ಹತ್ರ? ನಾನು ಯಾರ ಊರು ತಪ್ಪು ಬರೆದಿದ್ನೋ ಅವರ ಹತ್ರ. ಯಾವೂರು ಅಂದೆ, ಅವರು ಮುಳುಗಿದ ಊರು ಹೇಳಿದ್ರು, ನಾನು ಹಂಗೇ ಬರೆದೆ. ಯಾವ ಊರು ಮುಳುಗ್ತು, ಯಾರು ಎಲ್ಲಿಗೆ ಹೋದ್ರು, ಅಷ್ಟೂ ಬಾಯಿಪಾಠ ಇರೋದು ಹಳೇ ಶಾನುಭೋಗರಿಗೆ ಮಾತ್ರ. ಆ ಊರುಗಳೋರೆಲ್ಲ ಒಟ್ಟಿಗೆ ಸಿಗೋದು ಸಂತೇಲಿ. ಆದ್ರೆ ಕದ್ದಿದ್ದು ಯಾಕೆ? ನಂಗೇ ಹೇಳ್ಬಹುದಿತ್ತಲ್ಲ?"

"ನಿನ್ನೆ ಸಂಜೆ ಪೇಪರ್ ಓದಕ್ಕೆ ಹೋದಾಗ ನೋಡ್ದೆ. ಒಂಬತ್ತು ಹಾಳೆ ಇಲ್ಲದ ಊರಿಂದು! ಒಂದು ಸುಳ್ಳು ಕಂಡ್ರೆ ಎಲ್ಲಾ ಸುಳ್ಳು ಅಂತ ಬಿಸಾಕ್ತಾರೆ." ಮುಕುಂದಯ್ಯ ಪೆನ್ನಿನ ಮುಚ್ಚಳ ತಿರುವುತ್ತಾ ತಲೆ ತಗ್ಗಿಸಿದರು. "ಹೇಳಿದ್ರೆ, ಮಗಳ ನೌಕರಿಗೆ ಒಪ್ಪಿದ ಅಂತಾಗ್ತಿತ್ತು."

ವಾಗ್ದೇವಿಗೆ ನಗುವೂ ಬಂತು, ಅಳುವೂ ಬಂತು. ಅಪ್ಪಯ್ಯನ ಮೇಲೆ ಇಷ್ಟೊಂದು ಪ್ರೀತಿ ಅವಳಿಗೆ ಹಿಂದೆಂದೂ ಉಕ್ಕಿರಲಿಲ್ಲ. ಪಕ್ಕದಲ್ಲೇ ಕೂತು ಉಳಿದ ಎರಡು ಹಾಳೆ ಬರೆದಳು.

* * *

ಅಧಿಕಾರಿ ಪ್ಲಾಟ್‌ಫಾರಂ ಮೇಲೆಯೇ ಚೀಲದಿಂದ ಒಂದು ಪಟ್ಟಿ ತೆಗೆದರು. ಮುಳುಗಡೆ ಊರುಗಳ ಪಟ್ಟಿ!

"ಈ ಕಡೆಯ ಅರ್ಜಿಗಳಲ್ಲಿ ಇಲ್ಲದ ಊರುಗಳೇ ಜಾಸ್ತಿ" ಎನ್ನುತ್ತಾ ಒಂದೊಂದೇ ಹಾಳೆ ತಾಳೆ ನೋಡಿದರು. ನಲವತ್ತೂ ಮುಗಿದವು. ಒಂದೂ ಸಿಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ಜನ ನಿಜವಾಗಿ ಇದ್ದಾರೆ ಅಂದ್ರೆ ಗಾಡಿ ಓಡಲಿ. ಈ ವರ್ಷವಂತೂ ನಿಲ್ಲಿಸಲ್ಲ."

ಜನ ಹೋ ಎಂದರು. ವಾಸಪ್ಪನ ಅಮ್ಮ ಎಲ್ಲರಿಗಿಂತ ಜೋರಾಗಿ ಕೂಗಿದಳು.

ಗದ್ದಲ ಕರಗಿದ ಮೇಲೆ ಮುಕುಂದಯ್ಯ ಟಿಕೆಟ್ ಕಿಟಕಿಯ ಹತ್ತಿರ ನಿಂತಿದ್ದರು. ಮಗಳು ಬಂದು ಕೈ ಹಿಡಿದಳು.

"ಮನೆಗೆ ಹೋಗಾಣ, ಅಪ್ಪಯ್ಯ."

"ಹೋಗಾಣ. ನಾಳೆ ಬೆಳಿಗ್ಗೆ ನಂಗೂ ಒಂದು ಟಿಕೆಟ್ ತಗಳೇ" ಎಂದರು. "ನೀನು ಪಾಠ ಮಾಡೋದು ಒಂದ್ಸಲ ನೋಡ್ಬೇಕು."