ಕಟ್ಟೆಗೆ ಬಳಿದ ಕರಿ ಆಯಿಲ್

ಬೆಳಗಿನ ಆರಕ್ಕೆ ಗದಗಿನ ಒಂದು ಓಣಿಯಲ್ಲಿ ತೈಲಗ್ರಾಹಿ ತನ್ನ ಕೆಲಸ ನಡೆಸಿತ್ತು. ನೋಡಲು ಆಮೆಯಂತಿದ್ದ ಈ ಯಂತ್ರವನ್ನು ಜನ ಆಮೆ ಎಂದೇ ಕರೆಯುತ್ತಿದ್ದರು. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ಎಲ್ಲೇ ಚೆಲ್ಲಿರಲಿ, ವಾಸನೆ ಹಿಡಿದು ತೆವಳಿ ಬರುತ್ತಿತ್ತು. ಅದರ ಹೊಟ್ಟೆಯಲ್ಲಿದ್ದ ಸೂಕ್ಷ್ಮಜೀವಿಗಳು ಎಣ್ಣೆಯನ್ನು ತಿಂದು ಅರಗಿಸುತ್ತಿದ್ದವು. ಆಗ ಹುಟ್ಟುವ ಶಾಖಕ್ಕೆ, ಆಮೆ ಕೂತೆದ್ದ ಕಲ್ಲು ಎರಡು ತಾಸು ಬೆಚ್ಚಗಿರುತ್ತಿತ್ತು. ಮನೆಮನೆಯ ಗಾಡಿಗಳ ಎಣ್ಣೆ ಗಟಾರದಿಂದ ಕೆರೆ ಸೇರಿ ಮೀನುಗಳೆಲ್ಲ ಸತ್ತ ಮೇಲೆ ವಿಜ್ಞಾನಿ ನಫೀಸಾ ಮುಲ್ಲಾ ಇದನ್ನು ರೂಪಿಸಿದ್ದರು.

ಆದರೆ ಸಾಹುಕಾರ ಗುರುಶಾಂತಪ್ಪನ ಮನೆಮುಂದಿನ ಕಟ್ಟೆಯ ಮೇಲಿದ್ದ ಎಣ್ಣೆ ಕೈತಪ್ಪಿ ಚೆಲ್ಲಿದ್ದಲ್ಲ. ಅವನೇ ಬೇಕಂತಲೇ ಬಳಿದದ್ದು! ಹೂ ಮಾರುವ ದುರಗವ್ವ ಅಲ್ಲಿ ಕೂರಬಾರದು, ಅಷ್ಟೇ. ಮಂಡಿ ಸವೆದ ಆ ಹೆಂಗಸು ನಿಂತು ಮಾರಲಾರಳು. ಕಟ್ಟೆ ತಪ್ಪಿದರೆ ಅವಳ ವ್ಯಾಪಾರವೇ ತಪ್ಪಿದಂತೆ. ಮೊದಲ ದಿನ ಗೊತ್ತಾಗದೆ ಕೂತಳು. ಸೀರೆ ಹಾಳಾಯಿತು, ಬುಟ್ಟಿ ಮಲ್ಲಿಗೆಯೆಲ್ಲ ಎಂಜಿನ್ ನಾತ ಹೊಡೆದು ತಿಪ್ಪೆಗೆ ಹೋಯಿತು. ಥೂ, ಕಾರಿನಲ್ಲಿ ಓಡಾಡುವ ಮನುಷ್ಯನಿಗೆ ಇಷ್ಟಾದರೂ ಕರುಳು ಬೇಡವೇ?

ಆಮೆ ಈ ಓಣಿಗೆ ಬರತೊಡಗಿದ್ದು ಅದರ ಮರುವಾರ. ಗುರುಶಾಂತಪ್ಪ ರಾತ್ರಿ ಬಳಿದದ್ದನ್ನು ಬೆಳಗಾಗುವಷ್ಟರಲ್ಲಿ ನೆಕ್ಕಿ ಹೋಗುತ್ತಿತ್ತು. ಅವನು ಹಟಕ್ಕೆ ಬಿದ್ದು ಇನ್ನಷ್ಟು ಬಳಿದ, ಕಲ್ಲು ಇನ್ನಷ್ಟು ಬೆಚ್ಚಗಾಯಿತು. ದುರಗವ್ವನ ಮಂಡಿನೋವು ತಗ್ಗಿತು. ಓಣಿಯ ಮುದುಕರೂ ಬಂದು ಕೂತರು. ಕೊನೆಗೆ, ಕಲ್ಲು ಬೆಚ್ಚಗಾಗುವುದು ತನ್ನ ಎಣ್ಣೆಯಿಂದಲೇ ಎಂಬ ಗುಟ್ಟು ತಿಳಿದು ಅವನು ಬಳಿಯುವುದನ್ನು ಬಿಟ್ಟ. ಆದರೆ ಅಲ್ಲಿಯವರೆಗೆ ಗಟಾರಕ್ಕೆ ಸುರಿಯುತ್ತಿದ್ದ ಜನ, ಬೆಚ್ಚನೆ ಕಟ್ಟೆಯ ಆಸೆಗೆ ತಮ್ಮ ತಮ್ಮ ಬೈಕಿನ ಎಣ್ಣೆಯನ್ನು ಬಾಟಲಿಯಲ್ಲಿ ತಂದು ಅಲ್ಲೇ ಹಾಕತೊಡಗಿದರು!

ಗುರುಶಾಂತಪ್ಪ ಸಿಡಿಮಿಡಿಗೊಂಡು ನಫೀಸಾ ಅವರ ಪ್ರಯೋಗಾಲಯಕ್ಕೆ ನುಗ್ಗಿದ.

“ಏನ್ ಮೇಡಂ ನಿಮ್ಮ ಮಷಿನ್ನು! ನನ್ನ ಕಟ್ಟಿಗೆ ಬರಬ್ಯಾಡ ಅಂತ ಅದಕ್ಕ ಹೇಳ್ರಿ.”

“ಎಣ್ಣಿ ಇದ್ದಲ್ಲೆ ಬರತೈತ್ರಿ ಅದು,” ಎಂದರು ನಫೀಸಾ. “ಒಂದ ಜಾಗದಾಗ ತಿಂಗಳತನಕ ಎಣ್ಣಿ ಸಿಕ್ಕರ, ಇದು ಸಂಗ್ರಹ ಕೇಂದ್ರ ಅಂತ ನಗರಸಭೆಗೆ ತಾನ ತಿಳಸತೈತಿ. ನಿಮ್ಮದು ನಿನ್ನೆಗೆ ತಿಂಗಳಾತು. ಹಿಂಗಾಗತೈತಿ ಅಂತ ನಾನೂ ಅನ್ಕೊಂಡಿರಲಿಲ್ಲ.”

“ನನ್ನ ಮನಿ ಕಟ್ಟಿ ರೀ ಅದು!”

ನಫೀಸಾ ಪರದೆಯ ಮೇಲೆ ಓಣಿಯ ನಕ್ಷೆ ತೋರಿಸಿದರು. “ನಿಮ್ಮ ಮನಿ ಗ್ವಾಡಿಗೆ ಮುಗೀತ್ರಿ. ಕಟ್ಟಿ ಇರೋದು ಗಟಾರದ ಮ್ಯಾಲ. ಅದು ಊರಿಂದು.”

ನೋಡಿ, ಊರಿನ ಜಾಗಕ್ಕೆ ಎಣ್ಣೆ ಬಳಿದು ಊರಿನವಳನ್ನೇ ಎಬ್ಬಿಸಲು ಹೊರಟಿದ್ದನಲ್ಲ, ಇವನ ಸೊಕ್ಕಿಗೆ ಏನನ್ನಬೇಕು!

ಕಟ್ಟೆಯ ಒಂದು ತುದಿಗೆ ಎಣ್ಣೆ ಹಾಕಲು ಮುಚ್ಚಳದ ಪೀಪಾಯಿ ಬಂತು. ನೋಡಿಕೊಳ್ಳಲು ದಿನವಿಡೀ ಅಲ್ಲೇ ಕೂರುವವರೊಬ್ಬರು ಬೇಕಿತ್ತು. ನಗರಸಭೆಯವರು ಹುಡುಕುತ್ತ ದೂರ ಹೋಗಲಿಲ್ಲ. ಇನ್ನೊಂದು ತುದಿಯಲ್ಲಿ ದುರಗವ್ವ ಹೂ ಕಟ್ಟುತ್ತ ಕೂತೇ ಇದ್ದಳು.

ಕೆಲವು ದಿನಗಳ ಮೇಲೆ ಗುರುಶಾಂತಪ್ಪ ಕಾರಿನ ಹಳೆ ಎಣ್ಣೆಯ ಡಬ್ಬ ಹಿಡಿದು ಹೊರಬಂದ. ಪೀಪಾಯಿಯ ಮುಂದೆ ಬಾಟಲಿ ಹಿಡಿದವರ ಸಾಲಿತ್ತು. ಅವನು ಅಭ್ಯಾಸಬಲದಿಂದ ಡಬ್ಬವನ್ನು ಕಟ್ಟೆಯ ಮೇಲೆ ಬಗ್ಗಿಸಿದ.

ದುರಗವ್ವ ಕೈಯಲ್ಲಿದ್ದ ಮಾಲೆಯಿಂದ ತಲೆ ಎತ್ತಿದಳು.

“ಅಲ್ಲೆ ಚೆಲ್ಲಬ್ಯಾಡ್ರೀ ಸಾವ್ಕಾರ್ರ. ಸಾಲಿನ್ಯಾಗ ನಿಂದರ್ರಿ.”