ಒಗೆದ ಶರ್ಟಿನ ಸಾಹುಕಾರ

ನಂಬಿದರೆ ನಂಬಿ: ಆ ವರ್ಷ ರಿಯೊ ನಗರದ ಹುಡುಗಿಯರು ಮನಸೋತದ್ದು ಪರದೆಯ ಮೇಲಿನ ನಾಯಕನಿಗಲ್ಲ, ಪರದೆಯ ಹಿಂದಿನ ಗಂಟಲಿಗೆ. ಮೂಕಿ ಚಿತ್ರದಲ್ಲಿ ನಾಯಕನ ತುಟಿ ಅಲುಗಿದಾಗಲೆಲ್ಲ ಎವಾರಿಸ್ತು ಹಿಂದೆ ನಿಂತು ಮಾತು ತುಂಬುತ್ತಿದ್ದ. ನಾಯಕಿಗೆ ಲಿಯೊಕಾದಿಯಳ ದನಿ.

"ನಮ್ಮಪ್ಪನಿಗೆ ಕಾಫಿ ತೋಟ ಇದೆ. ಈ ಕೆಲಸ ಸುಮ್ನೆ ಮೋಜಿಗೆ," ಎಂದಿದ್ದ ಅವಳಿಗೆ. ದಿನಕ್ಕೊಂದು ಬೆಲೆಬಾಳುವ ಶರ್ಟು. ಕಾಲರಿನಲ್ಲಿ ಕೆಂಪು ದಾರದ ಹೆಸರಕ್ಷರ.

ಅವಳು ಓರೆಗಣ್ಣಲ್ಲಿ ಕಾಲರು ನೋಡಿ ಕೇಳಿದಳು: "ನಿಮ್ಮಪ್ಪ ನಿಮಗೆ ದಿನಕ್ಕೊಂದು ಹೆಸರು ಇಡ್ತಾರಾ?"

ಅವನ ಕಿವಿ ಕೆಂಪಾಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಜೊತೆಯಾಗಿ ನಡೆಯುತ್ತಿದ್ದಾಗ ತಲೆಯ ಮೇಲೆ ಬಟ್ಟೆಗಂಟು ಹೊತ್ತ ಹೆಂಗಸೊಬ್ಬಳು ಎದುರಾದಳು. ಎವಾರಿಸ್ತು ಮುಖ ತಿರುಗಿಸಿದ. ಆ ಹೆಂಗಸು ಅವನನ್ನು ಒಂದು ಕ್ಷಣ ನೋಡಿ, ಪಕ್ಕಕ್ಕೆ ಸರಿದಳು.

"ಅಡ್ಡ ಬಂದೆ. ತಪ್ಪಾಯ್ತು ಸ್ವಾಮಿ."

ಹೆತ್ತ ತಾಯಿ ಫಿರ್ಮಿನಾ ತನ್ನನ್ನು 'ಸ್ವಾಮಿ' ಎಂದದ್ದು ಅವನ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಆದರೂ ತಿರುಗಿಸಿದ ಮುಖ ಅತ್ತಲೇ ಇತ್ತು.

ಲಿಯೊಕಾದಿಯ ಇಬ್ಬರ ಮುಖವನ್ನೂ ನೋಡಿದಳು. ಅದೇ ಮೂಗು, ಅದೇ ಗದ್ದದ ಗುಳಿ. "ನೀವು ಹೋಗ್ತಿರಿ," ಎಂದು ಹಿಂದಿರುಗಿ ಆ ಹೆಂಗಸಿನ ಹಿಂದೆ ಹೋದಳು.

ಸಂಜೆಯ ಚಿತ್ರದಲ್ಲಿ ಸಾಹುಕಾರನ ಮಗ ಬಡ ಹುಡುಗಿಯ ಮುಂದೆ ಮಂಡಿಯೂರಿದ. ಅವಳ ತುಟಿ ಅಲುಗಿತು. 'ನಾನು ಬಡವಳು' ಎನ್ನಬೇಕಿದ್ದ ಲಿಯೊಕಾದಿಯ ಕೂಗಿದಳು:

"ನಿನ್ನ ಆಸ್ತಿ ಗೊತ್ತು ಬಿಡೋ! ನಿಮ್ಮಮ್ಮ ಯಾರು, ಅದನ್ನ ಹೇಳು!"

ಜನ ಗೊಳ್ಳೆಂದರು. ಅಷ್ಟರಲ್ಲಿ ನಾಯಕನ ತುಟಿ ಅಲುಗತೊಡಗಿತು. ರೀಲು ಯಾರಿಗೂ ಕಾಯುವುದಿಲ್ಲ. ಸುಮ್ಮನಿದ್ದರೆ ಕೆಲಸ ಹೋಗುತ್ತದೆ. ಕಲಿತ ಮಾತು ಒಪ್ಪಿಸಿದರೆ ಅವಳು ಹೋಗುತ್ತಾಳೆ.

"ತೋಟ ಗೀಟ ಏನಿಲ್ಲ," ಎಂದ ಎವಾರಿಸ್ತು. "ನಮ್ಮಮ್ಮ ಊರವರ ಬಟ್ಟೆ ಒಗೀತಾಳೆ. ಅವರ ಶರ್ಟೇ ನಾನು ಹಾಕ್ಕೊಳ್ಳೋದು. ಬೆಳಿಗ್ಗೆ ಅವಳನ್ನ ಕಂಡೂ ಕಾಣದ ಹಾಗೆ ನಿಂತೆ. ನಾಚ್ಕೆಯಿಂದ ಸಾಯೋ ಹಾಗಾಗಿದೆ ಕಣೇ. ಇಂಥವನನ್ನ ಕಟ್ಕೋತೀಯಾ?"

ಲಿಯೊಕಾದಿಯ ಕತ್ತಲಲ್ಲಿ ಅವನ ಬೆರಳು ಹುಡುಕಿ ಹಿಡಿದುಕೊಂಡಳು.

"ನಾನು ಹೇಗೆ ಹೇಳ್ಲಿ? ಮುಂದಿನ ಬೆಂಚಲ್ಲಿ ಅಮ್ಮ ಕೂತಿದ್ದಾರೆ. ನಾನೇ ಕರ್ಕೊಂಡು ಬಂದೆ."

ಫಿರ್ಮಿನಾ ಸೆರಗಿಲ್ಲದ ಊರಲ್ಲಿ ಶಾಲಿನಿಂದಲೇ ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಒಪ್ಕೊಳ್ಳೇ ಮಗಳೇ! ಗೊರಕೆ ಒಂದು ಬಿಟ್ರೆ ನನ್ನ ಮಗ ಚಿನ್ನ!"

ಚಿತ್ರಮಂದಿರ ಹಾರಿಹೋಗುವಂತೆ ಜನ ನಕ್ಕರು. ಪರದೆಯ ಮೇಲೆ ನಾಯಕ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವನ ಬಾಯಿಂದ ಮಾತ್ರ ಎಲ್ಲರಿಗಿಂತ ಜೋರಾದ ನಗು ಹೊರಡುತ್ತಿತ್ತು.