ಅಮ್ಮ ಅಂತ ಚೀಟಿ ಅಂಟಿಸಿದ ಡಿಸ್ಕ್

ಮನೆಯ ಫೋಟೊ, ವಿಡಿಯೊಗಳನ್ನೆಲ್ಲ ಕೂಡಿಟ್ಟಿದ್ದ ಕಂಪ್ಯೂಟರ್ ಪೆಟ್ಟಿಗೆಯ ಮುಚ್ಚಳ ತೆರೆದೇ ಇತ್ತು. ನಾಲ್ಕು ಡಿಸ್ಕ್ ಇರಬೇಕಾದಲ್ಲಿ ಮೂರೇ ಇದ್ದವು. ನಾಲ್ಕನೆಯದರ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

"ಅಕ್ಕಾ, ಅಮ್ಮನ ವಿಡಿಯೊ!" ತಂಗಿ ಕುಸಿದು ಕೂತಳು.

ಹೊಲಿಗೆ ಅಂಗಡಿ ಕಿರಿಮಗಳಿಗೇ ಸೇರಬೇಕೆಂದು ಸಾಯುವ ಮುಂಚೆ ಅಮ್ಮ ಕ್ಯಾಮೆರಾ ಮುಂದೆ ಹೇಳಿದ್ದಳು. ಅದನ್ನು ನೋಡಲು ವಕೀಲರು ಸಂಜೆ ಬರುವವರಿದ್ದರು. ವಿಡಿಯೊ ಇಲ್ಲವೆಂದರೆ ಅಂಗಡಿ ಮಾರಾಟ, ತಂಗಿ ಬೀದಿಪಾಲು.

"ಅಕ್ಕ, ಅದು ಏನಾಗತ್ತೆ ಅಂದ್ರೆ..." ತಮ್ಮ ಬಾಯಿ ತೆರೆದ.

"ನೀನು ಸುಮ್ನಿರು," ಅಕ್ಕ ಗದರಿದಳು.

ಅವಳು ಪೊಲೀಸ್ ಇನ್ಸ್‌ಪೆಕ್ಟರ್. ಮನೆಯ ಬೀಗ ಒಡೆದಿರಲಿಲ್ಲ. ರಾತ್ರಿ ಮಲಗಿದ್ದವರು ಒಡಹುಟ್ಟಿದ ನಾಲ್ವರೇ. ಸ್ಟೇಷನ್ನಿನಲ್ಲಿ ಎಂಥವರ ಬಾಯನ್ನೂ ಬಿಡಿಸುತ್ತಿದ್ದವಳು ಈಗ ತನ್ನವರನ್ನೇ ಎದುರಿಗೆ ಕೂರಿಸಿಕೊಂಡಳು.

*

"ಪೆಟ್ಟಿಗೆ ಮುಟ್ಟೋನು ಇವನೊಬ್ಬನೇ," ನಿನ್ನೆಯಷ್ಟೇ ಬಂದಿದ್ದ ಅಣ್ಣ ತಮ್ಮನತ್ತ ಗದ್ದ ಎತ್ತಿದ. ತಮ್ಮನ ಸ್ಕ್ರೂಡ್ರೈವರ್ ಪಕ್ಕದಲ್ಲೇ ಬಿದ್ದಿತ್ತು.

"ಹೌದಣ್ಣ. ಧೂಳು ಒರೆಸೋನೂ ನಾನೇ, ಕದಿಯೋನೂ ನಾನೇ!"

"ಅಂಗಡಿ ಮಾರೋಣ ಅಂತ ಅಣ್ಣನ ಜೊತೆ ನೀನೂ ಕುಣೀತಿದ್ದೆ," ಎಂದಳು ಅಕ್ಕ.

"ಕುಣಿದೆ. ಅದಕ್ಕೆ ಅಮ್ಮನ್ನೇ ಕದೀತೀನಾ?"

"ಹೋಗಿರೋದು ಯಾವ ಡಿಸ್ಕು?"

"'ಅಮ್ಮ' ಅಂತ ಚೀಟಿ ಇದ್ದದ್ದು. ಅಣ್ಣ ಮನೆ ಬಿಡೋ ಮುಂಚೆ ಅವನೇ ಅಂಟಿಸಿದ್ದು."

ಅಕ್ಕ ಇಬ್ಬರ ಮುಖವನ್ನೂ ನೋಡಿದಳು.

*

ಸಂಜೆ ವಕೀಲರು ಬಂದು ಕೂತರು.

"ವಿಡಿಯೊ ಹಾಕೋ," ಅಕ್ಕ ತಮ್ಮನಿಗೆ ಹೇಳಿದಳು.

"ಇಲ್ಲದ್ದನ್ನ ಎಲ್ಲಿಂದ ಹಾಕ್ತಾನೆ?" ಅಣ್ಣ ನಕ್ಕ.

ಪರದೆ ಬೆಳಗಿತು. ಅಮ್ಮ ಗಂಟಲು ಸರಿಮಾಡಿಕೊಂಡಳು. ಅಣ್ಣನ ಕೈ ತನ್ನ ಚೀಲವನ್ನು ಅವುಚಿ ಹಿಡಿಯಿತು.

"ಚೀಲ ತೆಗಿಯಣ್ಣ," ಅಕ್ಕನ ದನಿ ತಣ್ಣಗಿತ್ತು. "ಮುಂಚೆ ಒಂದೊಂದು ಡಿಸ್ಕಲ್ಲಿ ಒಂದೊಂದು ಇರ್ತಿತ್ತು. ಆಮೇಲೆ ಇವನು ನಾಲ್ಕನ್ನೂ ಸೇರಿಸಿ ಒಂದೇ ಉಗ್ರಾಣ ಮಾಡಿದ. ಜಾಗ ಸಾಲದಿದ್ರೆ ಇನ್ನೊಂದು ಡಿಸ್ಕ್ ಸೇರಿಸಿದ್ರಾಯ್ತು. ಪ್ರತಿಯೊಂದಕ್ಕೂ ಎರಡು ನಕಲು, ಬೇರೆ ಬೇರೆ ಡಿಸ್ಕಲ್ಲಿ. ಒಂದು ಡಿಸ್ಕ್ ಹೋದ್ರೆ ಏನೂ ಹೋಗಲ್ಲ. ಊಟಕ್ಕೆ ಕೂತಾಗೆಲ್ಲ ಇದನ್ನೇ ಹೇಳಿ ನಮ್ಮ ತಲೆ ತಿಂದಿದಾನೆ. ಇವನು ಕದ್ದಿದ್ರೆ ಒಂದಕ್ಕೇ ನಿಲ್ಲಿಸ್ತಿರಲಿಲ್ಲ. ಇವಳು ಕೇಳಿಸಿಕೊಳ್ಳದೆ ತೂಕಡಿಸ್ತಿದ್ಲು, ಸರಿ. ಆದ್ರೆ ತನ್ನ ಅಂಗಡಿನ ತಾನೇ ಯಾಕೆ ಕಳ್ಕೋತಾಳೆ? ಹಳೇ ಚೀಟಿ ನಂಬಿ ಕೈ ಹಾಕೋನು ನೀನೊಬ್ಬನೇ. ಮನೆ ಬಿಟ್ಟಾಗಿಂದ ಇಲ್ಲಿ ಒಂದು ಹೊತ್ತು ನಮ್ಮ ಜೊತೆ ಊಟಕ್ಕೆ ಕೂತಿದೀಯಾ?"

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಪರದೆಯ ಮೇಲಿನ ಅಮ್ಮನೇ ಮಾತು ಮುಂದುವರಿಸಿದಳು. "ದೊಡ್ಡವನನ್ನ ಕೇಳೋದೇ ಬೇಡ. ತಂಗಿಗೆ ಅಂದ್ರೆ ಅವನು ತಾನಾಗೇ ಬಿಟ್ಕೊಡ್ತಾನೆ."

ಅಣ್ಣ ಡಿಸ್ಕನ್ನು ಮೇಜಿನ ಮೇಲಿಟ್ಟ. ತಲೆ ಎತ್ತಲಿಲ್ಲ.

ತಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ಬೇಗ ವಾಪಸ್ ಪೆಟ್ಟಿಗೆಗೆ ಹಾಕ್ಬೇಕು ಅಕ್ಕ. ಅಮ್ಮ ಈಗ ಒಂದೇ ಡಿಸ್ಕಲ್ಲಿ ಉಳಿದಿದಾಳೋ ಏನೋ."